ಬಯಲುಸೀಮೆಯ ರಸ್ತೆಗೆ ಕಾರಿನ ಟೈರು: ಗಾಳಿ, ಸ್ಟೆಪ್ನಿ, ಪಂಕ್ಚರು ಮತ್ತು ಒಂದಿಷ್ಟು ಆರೈಕೆ

ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಓಡುವ ಕಾರಿನ ಟೈರುಗಳು ಒಂದೇ ದಿನ ಎರಡು ತೀರ ಬೇರೆ ಬಗೆಯ ರಸ್ತೆಗಳನ್ನು ತಾಳಿಕೊಳ್ಳಬೇಕಾಗುತ್ತದೆ. ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹರಿಹರಗಳನ್ನು ಪೋಣಿಸಿಕೊಂಡು ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಗಂಟೆಗೆ 90-100 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಓಡಿದ ಕಾರು, ಸಂಜೆ ಜಗಳೂರಿನ ಕಡೆಗೋ ಚಳ್ಳಕೆರೆಯ ಕಡೆಗೋ ತಿರುಗಿ ಹಳ್ಳಿಯ ದಾರಿ ಹಿಡಿದರೆ, ಜಲ್ಲಿ ಎದ್ದ ಡಾಂಬರು, ಅಂಚು ಒಡೆದ ಗುಂಡಿಗಳು, ಹೊಲದ ಬೇಲಿಯಿಂದ ದಾರಿಗೆ ಬಿದ್ದ ಬಳ್ಳಾರಿ ಜಾಲಿಯ ಮುಳ್ಳು ಎಲ್ಲವೂ ಎದುರಾಗುತ್ತವೆ. ಬೇಸಿಗೆಯಲ್ಲಿ ಇದರ ಮೇಲೆ 38-40 ಡಿಗ್ರಿಯ ಬಿಸಿಲು ಸೇರುತ್ತದೆ. ರಸ್ತೆಯ ಪಕ್ಕದಲ್ಲಿ ಜಾಕ್ ಹಿಡಿದು ಕುಳಿತವರು ಸಾಮಾನ್ಯವಾಗಿ ಮೊಳೆಯನ್ನೋ ಮುಳ್ಳನ್ನೋ ಶಪಿಸುತ್ತಾರೆ. ಆದರೆ ಮುಳ್ಳು ಮಾಡಿದ ತೂತನ್ನು ಹತ್ತು ನಿಮಿಷದಲ್ಲಿ ಮುಚ್ಚಬಹುದು. ಟೈರನ್ನು ಮತ್ತೆ ಬಳಸಲಾಗದಂತೆ ಕೆಡಿಸುವುದು ಕಡಿಮೆ ಗಾಳಿಯಲ್ಲಿ ಓಡಿಸಿದಾಗ ಹುಟ್ಟುವ ಬಿಸಿ. ಆದ್ದರಿಂದ ಈ ಬರಹದಲ್ಲಿ ಮೊದಲು ಗಾಳಿಯ ವಿಷಯ, ಆಮೇಲೆ ಉಳಿದದ್ದು.

ಗಾಳಿ: ಎಷ್ಟು, ಯಾವಾಗ

ನಿಮ್ಮ ಕಾರಿಗೆ ಎಷ್ಟು ಗಾಳಿ ಬೇಕೆಂಬುದನ್ನು ಕಾರು ತಯಾರಿಸಿದವರೇ ಬರೆದು ಅಂಟಿಸಿರುತ್ತಾರೆ. ಚಾಲಕನ ಬಾಗಿಲನ್ನು ತೆರೆದರೆ ಕಂಬದ ಮೇಲೆ ಕಾಣುವ ಚೀಟಿಯಲ್ಲಿ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಮೈಯಲ್ಲಿ, ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಪ್ರತ್ಯೇಕವಾಗಿ, ಇಬ್ಬರು ಕುಳಿತಾಗ ಎಷ್ಟು, ಐವರು ಸಾಮಾನಿನೊಡನೆ ಕುಳಿತಾಗ ಎಷ್ಟು ಎಂಬುದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಲೆಕ್ಕದಲ್ಲಿ ಇರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದು 30ರಿಂದ 36ರ ಒಳಗೆ ಬರುತ್ತದೆ. ಟೈರಿನ ಮೈಮೇಲೆ ಅಚ್ಚಾಗಿರುವ ಗರಿಷ್ಠ ಒತ್ತಡದ ಅಂಕಿ ಬೇರೆ. ಅದು ಟೈರು ತಡೆಯಬಲ್ಲ ಮಿತಿಯೇ ಹೊರತು ನೀವು ತುಂಬಿಸಬೇಕಾದ ಅಳತೆಯಲ್ಲ. ಬಂಕಿನ ಹುಡುಗ ಪೈಪು ಎಳೆದುಕೊಂಡು ಬಂದು "ಎಷ್ಟು ಹಾಕ್ಲಿ ಸರ್?" ಎಂದು ಕೇಳಿದಾಗ "ನಲವತ್ತು ಹಾಕಪ್ಪ, ಲಾಂಗ್ ಹೋಗ್ಬೇಕು" ಎನ್ನುವವರು ನಮ್ಮಲ್ಲಿ ಕಡಿಮೆ ಇಲ್ಲ. ದೂರ ಹೋಗುವುದಕ್ಕೆಂದು ಹೆಚ್ಚು ಗಾಳಿ ಬೇಕಾಗಿಲ್ಲ. ಹೊರೆ ಹೆಚ್ಚಾದಾಗ ಮಾತ್ರ, ಚೀಟಿಯಲ್ಲಿ ಪೂರ್ತಿ ಹೊರೆಗೆಂದು ಬರೆದಿರುವಷ್ಟು ಹಾಕಿಸಬೇಕು.

ಚೀಟಿಯಲ್ಲಿರುವ ಅಂಕಿ ತಣ್ಣಗಿರುವ ಟೈರಿಗೆ ಸಂಬಂಧಿಸಿದ್ದು. ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು, ಇಲ್ಲವೇ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಒಳಗಿನ ಗಾಳಿಯ ಉಷ್ಣತೆ ಐದಾರು ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಏಪ್ರಿಲ್ ತಿಂಗಳ ಬೆಳಿಗ್ಗೆ ಚಿತ್ರದುರ್ಗದ ಮನೆಯಂಗಳದಲ್ಲಿ 33 ತೋರಿಸಿದ ಟೈರು, ಮಧ್ಯಾಹ್ನದ ಬಿಸಿಲಿನಲ್ಲಿ ದಾವಣಗೆರೆಯನ್ನು ಮುಟ್ಟುವ ಹೊತ್ತಿಗೆ 37 ಅಥವಾ 38 ತೋರಿಸಿದರೆ ಗಾಬರಿಪಡಬೇಕಾಗಿಲ್ಲ. ಆ ಏರಿಕೆಯನ್ನು ಲೆಕ್ಕ ಹಾಕಿಯೇ ಚೀಟಿಯ ಅಂಕಿಯನ್ನು ನಿಗದಿ ಮಾಡಿರುತ್ತಾರೆ. ಅಲ್ಲಿ ನಿಲ್ಲಿಸಿ "ಹೆಚ್ಚಾಗಿದೆ" ಎಂದು ಗಾಳಿ ಬಿಡಿಸಿದರೆ, ಮಾರನೆಯ ಬೆಳಿಗ್ಗೆ ಅದೇ ಟೈರು 28-29ಕ್ಕೆ ಇಳಿದಿರುತ್ತದೆ, ಮತ್ತು ನೀವು ಅದೇ ಗಾಳಿಯಲ್ಲಿ ಹೆದ್ದಾರಿಗೆ ಇಳಿಯುತ್ತೀರಿ.

ಕಡಿಮೆ ಗಾಳಿ ಏಕೆ ಅಪಾಯಕರ ಎಂಬುದನ್ನು ಸ್ವಲ್ಪ ಲೆಕ್ಕದಿಂದ ನೋಡೋಣ. ಸಾಮಾನ್ಯ ಸೆಡಾನ್ ಕಾರಿನ 185/65 ಆರ್15 ಟೈರು ಗಂಟೆಗೆ 100 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 850 ಸುತ್ತು ಸುತ್ತುತ್ತದೆ. ಪ್ರತಿ ಸುತ್ತಿನಲ್ಲೂ ನೆಲಕ್ಕೆ ತಾಗುವ ಜಾಗದಲ್ಲಿ ಟೈರಿನ ಪಕ್ಕದ ಗೋಡೆ ಒಮ್ಮೆ ಮಡಚಿ ಬಿಚ್ಚಿಕೊಳ್ಳುತ್ತದೆ. ಗಾಳಿ ಸರಿಯಿದ್ದರೆ ಈ ಮಡಚುವಿಕೆ ಅಲ್ಪ. ಕಡಿಮೆಯಿದ್ದರೆ ಆಳವಾಗಿ ಮಡಚಿ, ರಬ್ಬರಿನ ಒಳಗೆ ಬಿಸಿ ಹುಟ್ಟಿ, ಅದು ಹೊರಗೆ ಹೋಗುವುದಕ್ಕಿಂತ ಬೇಗ ಸಂಗ್ರಹವಾಗುತ್ತದೆ. ಪದರಗಳ ನಡುವಿನ ಅಂಟು ಸಡಿಲವಾಗಿ ಟೈರು ಒಮ್ಮೆಲೇ ಒಡೆಯುವುದು ಹೀಗೆ. ಬಿಸಿಲಿಗೆ ಟೈರು ಸಿಡಿಯಿತೆಂದು ಹೇಳುವ ಬಹಳಷ್ಟು ಸಂದರ್ಭಗಳಲ್ಲಿ ಬಿಸಿಲು ನೆಪ ಮಾತ್ರ.

ತಿಂಗಳಿಗೆ ಎರಡು ಸಲ, ದೂರ ಪ್ರಯಾಣಕ್ಕೆ ಮುಂಚೆ ತಪ್ಪದೆ, ಗಾಳಿ ನೋಡಬೇಕು. ಸ್ವಂತದ್ದೊಂದು ಚಿಕ್ಕ ಗೇಜು ಮತ್ತು ಕಾರಿನ 12 ವೋಲ್ಟ್ ಸಾಕೆಟಿಗೆ ಹಾಕುವ ಗಾಳಿ ಪಂಪು ಇದ್ದರೆ ಮನೆಯಲ್ಲೇ ಮುಗಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಕಾರಿಗೆ ಕೊಳ್ಳುವ ಸೀಟು ಕವರು, ಪರಿಮಳದ ಬಾಟಲಿಗಳಿಗಿಂತ ಮೊದಲು ಕೊಳ್ಳಬೇಕಾದ ವಸ್ತು ಇದು. ಬಂಕುಗಳಲ್ಲಿ ಗಾಳಿಯನ್ನು ಉಚಿತವಾಗಿ ಒದಗಿಸಬೇಕೆಂಬ ನಿಯಮವಿದೆ. ಕೇಳಲು ಸಂಕೋಚ ಬೇಡ. ನೈಟ್ರೋಜನ್ ಹಾಕಿಸಬೇಕೇ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ನಿನಲ್ಲಿ ತೇವಾಂಶವಿಲ್ಲ, ಸೋರಿಕೆ ತುಸು ನಿಧಾನ, ಅಷ್ಟೇ. ಹಾಕಿಸಿದರೆ ತಪ್ಪಿಲ್ಲ, ಆದರೆ ಅದು ಸಿಗುವ ಅಂಗಡಿ ದೂರವೆಂದು ಕಡಿಮೆ ಗಾಳಿಯಲ್ಲಿ ಓಡಿಸುವುದು ತಪ್ಪು. ಎರಡನ್ನೂ ಬೆರೆಸಿದರೆ ಯಾವ ಹಾನಿಯೂ ಇಲ್ಲ.

ಗಾಳಿ ನೋಡಿಸುವಾಗ ಸ್ಟೆಪ್ನಿಯನ್ನು ಮರೆಯುವುದು ವಾಡಿಕೆಯೇ ಆಗಿಬಿಟ್ಟಿದೆ. ಡಿಕ್ಕಿಯ ತುಂಬ ಸಾಮಾನು ಇರುವಾಗ ಅದನ್ನು ಹೊರತೆಗೆಯಲು ಯಾರಿಗೂ ಮನಸ್ಸಾಗುವುದಿಲ್ಲ. ವರ್ಷಗಟ್ಟಲೆ ಮುಟ್ಟದ ಸ್ಟೆಪ್ನಿ ಬೇಕಾದ ದಿನ 15 ಪಿಎಸ್‌ಐ ತೋರಿಸಿದರೆ ಅದು ಇದ್ದೂ ಇಲ್ಲದಂತೆ. ಎರಡು ಮೂರು ಪಿಎಸ್‌ಐ ಹೆಚ್ಚಾಗಿಯೇ ತುಂಬಿಸಿಡಿ. ಬಳಸುವಾಗ ಇಳಿಸಿಕೊಳ್ಳುವುದು ಸುಲಭ, ಏರಿಸುವುದು ಕಷ್ಟ.

ಟೈರಿನ ಮೈಮೇಲೆ ಬರೆದಿರುವುದು

185/65 ಆರ್15 88ಎಚ್ ಎಂದಿದ್ದರೆ, ಟೈರಿನ ಅಗಲ 185 ಮಿಲಿಮೀಟರು, ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 65 ಭಾಗ ಅಂದರೆ ಸುಮಾರು 120 ಮಿಲಿಮೀಟರು, ಒಳಗಿನ ಕಟ್ಟು ರೇಡಿಯಲ್, ರಿಮ್ಮಿನ ವ್ಯಾಸ 15 ಇಂಚು. 88 ಎಂಬುದು ಹೊರೆಯ ಸಂಕೇತ: ಒಂದು ಟೈರು 560 ಕಿಲೋ ಹೊರಬಲ್ಲದು. ಎಚ್ ಎಂದರೆ ಗಂಟೆಗೆ 210 ಕಿ.ಮೀ. ವರೆಗಿನ ವೇಗಕ್ಕೆ ತಕ್ಕದ್ದು. ಟೈರು ಬದಲಿಸುವಾಗ ಹೊರೆಯ ಸಂಕೇತ ಮೂಲದ್ದಕ್ಕಿಂತ ಕಡಿಮೆಯಾಗಬಾರದು.

ಇದಕ್ಕಿಂತ ಮುಖ್ಯವಾದದ್ದು ಅಂಡಾಕಾರದ ಚೌಕಟ್ಟಿನಲ್ಲಿರುವ ನಾಲ್ಕಂಕಿ. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಹೊಸ ಟೈರು ಕೊಳ್ಳುವಾಗ, ಬೆಲೆ ಮಾತಾಡುವುದಕ್ಕೂ ಮುಂಚೆ ನಾಲ್ಕೂ ಟೈರುಗಳ ಈ ಅಂಕಿಯನ್ನು ಓದಿ. ಈ ಅಂಕಿ ಒಂದು ಪಕ್ಕದಲ್ಲಿ ಮಾತ್ರ ಅಚ್ಚಾಗಿರುವುದೂ ಉಂಟು, ಆದ್ದರಿಂದ ಟೈರನ್ನು ತಿರುಗಿಸಿ ನೋಡಬೇಕು. ಗ್ರಿಪ್ (ನೆಲಕ್ಕೆ ತಾಗುವ, ಚಡಿಗಳಿರುವ ಮೈ) ಚೆನ್ನಾಗಿದ್ದರೂ ರಬ್ಬರು ವಯಸ್ಸಾದಂತೆ ಗಡಸಾಗಿ ಬಿರುಕು ಬಿಡುತ್ತದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು; ಹತ್ತು ವರ್ಷವಾದದ್ದನ್ನು, ಸ್ಟೆಪ್ನಿಯಾಗಿ ಹೊಸದರಂತೆಯೇ ಕುಳಿತಿದ್ದರೂ, ತೆಗೆದುಹಾಕಬೇಕು. ಹಗಲೆಲ್ಲ ಬಿಸಿಲಿನಲ್ಲೇ ನಿಲ್ಲುವ ಕಾರುಗಳ ಟೈರು ಅಷ್ಟು ಕಾಲವೂ ಬಾಳುವುದು ಕಷ್ಟ.

ಗ್ರಿಪ್ಪಿನ ಚಡಿಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಬ್ಬಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರು. ಸುತ್ತಲಿನ ರಬ್ಬರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿತೆಂದರೆ ಕಾನೂನಿನ ಪ್ರಕಾರ ಆ ಟೈರಿನ ಕೆಲಸ ಮುಗಿಯಿತು. ಮಳೆಗಾಲದ ದೃಷ್ಟಿಯಿಂದ ನೋಡಿದರೆ 3 ಮಿಲಿಮೀಟರಿನಲ್ಲೇ ಬದಲಾಯಿಸುವುದು ವಿವೇಕ.

ರಸ್ತೆಯಲ್ಲಿ ಚಕ್ರ ಬದಲಿಸುವುದು

ಮೊದಲ ತೀರ್ಮಾನ ಎಲ್ಲಿ ನಿಲ್ಲಿಸಬೇಕು ಎಂಬುದು, ಮತ್ತು ಅದೇ ಅತಿ ಮುಖ್ಯವಾದದ್ದು. ಸ್ಟೇರಿಂಗ್ ಒಂದು ಕಡೆಗೆ ಎಳೆಯತೊಡಗಿದರೆ ಬ್ರೇಕನ್ನು ಒತ್ತಿ ಹಿಡಿಯದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಎರಡೂ ಕೈಯಿಂದ ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದು, ಕಾರು ತಾನಾಗಿಯೇ ನಿಧಾನವಾಗಲು ಬಿಡಬೇಕು. ಟೈರು ಒಮ್ಮೆಲೇ ಒಡೆದಾಗಲೂ ಇದೇ ಕ್ರಮ. ನಂತರ ನಾಲ್ಕೂ ಇಂಡಿಕೇಟರು ಹಾಕಿಕೊಂಡು, ಎಡಕ್ಕೆ ಸರಿದು, ಸಾಧ್ಯವಾದರೆ ಸರ್ವಿಸ್ ರಸ್ತೆಗೆ, ಬಂಕಿಗೆ, ಢಾಬಾದ ಅಂಗಳಕ್ಕೆ ಕಾರನ್ನು ತೆವಳಿಸಿಕೊಂಡು ಹೋಗಬೇಕು. ಗಾಳಿಯಿಲ್ಲದ ಟೈರಿನ ಮೇಲೆ ಅರ್ಧ ಕಿಲೋಮೀಟರು ನಡೆದರೆ ಟೈರು ಹಾಳಾಗಬಹುದು, ರಿಮ್ಮೂ ಡೊಂಕಾಗಬಹುದು, ಆಗಲಿ. ಭಾರದ ಲಾರಿಗಳು ಓಡುವ ಹೆದ್ದಾರಿಯಲ್ಲಿ, ಅದರಲ್ಲೂ ಪಂಕ್ಚರಾದದ್ದು ಬಲಗಡೆಯ ಚಕ್ರವಾಗಿದ್ದರೆ, ಓಡುವ ವಾಹನಗಳಿಗೆ ಬೆನ್ನು ಮಾಡಿ ಕೂರುವ ಪರಿಸ್ಥಿತಿಯನ್ನು ಯಾವ ಬೆಲೆ ತೆತ್ತಾದರೂ ತಪ್ಪಿಸಿಕೊಳ್ಳಬೇಕು. ತಿರುವಿನಲ್ಲಿ, ಸೇತುವೆಯ ಮೇಲೆ, ಏರಿನ ಆಚೆ ಬದಿಯಲ್ಲಿ ನಿಲ್ಲಿಸಲೇಬಾರದು. ಜಾಗ ಸುರಕ್ಷಿತವಲ್ಲ ಎನ್ನಿಸಿದರೆ ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ 1033ಕ್ಕೆ ಕರೆ ಮಾಡಿ ಕಾಯಿರಿ.

ಕಾರಿನಲ್ಲಿದ್ದವರನ್ನು ಎಡಬಾಗಿಲಿನಿಂದ ಇಳಿಸಿ ರಸ್ತೆಯ ತಡೆಗೋಡೆಯ ಆಚೆ ನಿಲ್ಲಿಸಬೇಕು. ಪ್ರತಿಫಲಿಸುವ ಕೆಂಪು ತ್ರಿಕೋನವನ್ನು ಕಾರಿನ ಹಿಂದೆ ಕನಿಷ್ಠ 50 ಮೀಟರು ದೂರದಲ್ಲಿ ಇಡಬೇಕು. ಹೆದ್ದಾರಿಯಲ್ಲಿ ಅದರ ಎರಡರಷ್ಟು ದೂರ ಇನ್ನೂ ಒಳ್ಳೆಯದು. ನಮ್ಮಲ್ಲಿ ತ್ರಿಕೋನದ ಬದಲು ಕಲ್ಲಿಡುವ, ಮರದ ಟೊಂಗೆ ಮುರಿದು ಹಾಕುವ ರೂಢಿ ಇದೆ. ರಾತ್ರಿ ಹೊತ್ತು ಟೊಂಗೆ ಯಾರಿಗೂ ಕಾಣುವುದಿಲ್ಲ, ಮತ್ತು ಕೆಲಸವಾದ ಮೇಲೆ ಕಲ್ಲನ್ನು ಎತ್ತದೆ ಹೋದರೆ ಹಿಂದೆ ಬರುವ ಬೈಕಿನವನ ಪಾಲಿಗೆ ಅದು ಮೃತ್ಯುವಾಗುತ್ತದೆ.

ಹ್ಯಾಂಡ್ ಬ್ರೇಕ್ ಎಳೆದು, ಮೊದಲನೆಯ ಗೇರಿನಲ್ಲಿಟ್ಟು (ಆಟೋಮ್ಯಾಟಿಕ್ ಆದರೆ ಪಾರ್ಕಿಂಗಿನಲ್ಲಿ), ಬದಲಿಸಬೇಕಾದ ಚಕ್ರಕ್ಕೆ ಕರ್ಣರೇಖೆಯಲ್ಲಿ ಎದುರಾಗಿರುವ ಚಕ್ರದ ಮುಂದೆಯೂ ಹಿಂದೆಯೂ ಕಲ್ಲು ಕೊಡಿ. ಹಿಂದಿನ ಚಕ್ರ ಎತ್ತುವಾಗ ಇದು ಇನ್ನೂ ಅಗತ್ಯ, ಏಕೆಂದರೆ ಸಾಮಾನ್ಯ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನೇ.

ಈಗ ನಟ್ಟುಗಳು. ಕಾರನ್ನು ಎತ್ತುವ ಮೊದಲೇ, ಚಕ್ರ ನೆಲದ ಮೇಲಿರುವಾಗಲೇ, ಎಲ್ಲ ನಟ್ಟುಗಳನ್ನೂ ಕಾಲು ಸುತ್ತಿನಷ್ಟು ಸಡಿಲಿಸಬೇಕು. ಎತ್ತಿದ ಮೇಲೆ ಪಾನಾ ಹಾಕಿದರೆ ಚಕ್ರವೇ ತಿರುಗುತ್ತದೆ, ಗಟ್ಟಿಯಾಗಿ ಎಳೆದರೆ ಕಾರು ಜಾಕಿನಿಂದ ಜಾರುತ್ತದೆ. ಪಾನಾದ ಹಿಡಿ ನಿಮ್ಮ ಎಡಗಡೆಗೆ, ನೆಲಕ್ಕೆ ಸಮಾನಾಂತರವಾಗಿ ಬರುವಂತೆ ಕೂರಿಸಿ, ತೋಳಿನಿಂದಲ್ಲದೆ ಮೈಭಾರದಿಂದ ಕೆಳಕ್ಕೆ ಒತ್ತಿ. ಟೈರು ಅಂಗಡಿಯಲ್ಲಿ ಗಾಳಿ ಗನ್ನಿನಿಂದ ಬಿಗಿದ ನಟ್ಟು ಕಾರಿನೊಡನೆ ಬರುವ ಗಿಡ್ಡ ಪಾನಾಕ್ಕೆ ಜಗ್ಗುವುದಿಲ್ಲ. ಪ್ಲಸ್ ಆಕಾರದ ಉದ್ದನೆಯ ಪಾನಾ ಒಂದನ್ನು ಪ್ರತ್ಯೇಕವಾಗಿ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಮಾರುತಿ ಕಾರುಗಳಿಗೆ ಸಾಮಾನ್ಯವಾಗಿ 19, ಹುಂಡೈ ಕಾರುಗಳಿಗೆ 21 ಮಿಲಿಮೀಟರಿನ ಬಾಯಿ ಬೇಕಾಗುತ್ತದೆ. ಅಲಾಯ್ ಚಕ್ರಗಳಲ್ಲಿ ಕಳ್ಳರ ಭಯಕ್ಕೆ ಹಾಕಿಸಿದ ಲಾಕ್ ನಟ್ಟು ಇದ್ದರೆ ಅದರ ಕೀಲಿ ಮನೆಯ ಬೀರುವಿನಲ್ಲಿರದೆ ಕಾರಿನಲ್ಲೇ ಇರಬೇಕು.

ಜಾಕ್ ಕೂರಿಸುವ ಜಾಗ ಎಲ್ಲೆಂದರಲ್ಲಿ ಅಲ್ಲ. ಬಾಗಿಲಿನ ಕೆಳಗಿನ ತಗಡಿನ ಅಂಚನ್ನು ಬೆರಳಿನಿಂದ ಸವರಿಕೊಂಡು ಹೋದರೆ ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ ಎರಡೆರಡು ಕಚ್ಚುಗಳು ಸಿಗುತ್ತವೆ. ಜಾಕಿನ ತಲೆಯ ಸೀಳು ಆ ಎರಡು ಕಚ್ಚುಗಳ ನಡುವಿನ ಅಂಚನ್ನು ಹಿಡಿಯಬೇಕು. ಚಳ್ಳಕೆರೆ, ಜಗಳೂರಿನ ಎರೆ ನೆಲದಲ್ಲಿ, ಮಳೆ ಬಿದ್ದ ಮೇಲಂತೂ, ಜಾಕ್ ಕಾರನ್ನು ಎತ್ತುವ ಬದಲು ತಾನೇ ನೆಲಕ್ಕೆ ಇಳಿಯುತ್ತದೆ. ಒಂದಡಿ ಚೌಕದ ದಪ್ಪ ಹಲಗೆಯೊಂದು ಡಿಕ್ಕಿಯಲ್ಲಿದ್ದರೆ ಈ ಪೇಚಾಟ ತಪ್ಪುತ್ತದೆ. ಒಂದೆರಡು ಸುತ್ತು ಎತ್ತಿ, ಜಾಕ್ ನೆಟ್ಟಗಿದೆಯೇ ಎಂದು ಎದ್ದು ನಿಂತು ದೂರದಿಂದ ನೋಡಿ. ಓರೆಯಾಗಿದ್ದರೆ ಇಳಿಸಿ ಮತ್ತೆ ಕೂರಿಸಬೇಕು. ಇಳಿದ ಟೈರಿಗಿಂತ ತುಂಬಿದ ಟೈರಿಗೆ ಹೆಚ್ಚು ಜಾಗ ಬೇಕಾದ್ದರಿಂದ, ಚಕ್ರ ನೆಲ ಬಿಟ್ಟ ಮೇಲೆ ಇನ್ನೂ ಎರಡು ಮೂರು ಇಂಚು ಎತ್ತಬೇಕು. ಈ ಹೊತ್ತಿನಲ್ಲಿ ಸ್ಟೆಪ್ನಿಯನ್ನು ಬಾಗಿಲಿನ ಕೆಳಗೆ ಮಲಗಿಸಿಡಿ: ಜಾಕ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆಯೇ ಹೊರತು ನಿಮ್ಮ ಕೈಕಾಲಿನ ಮೇಲಲ್ಲ. ಕಾರಿನ ಜಾಕನ್ನು ನಂಬಿ ಯಾವ ಕಾರಣಕ್ಕೂ ಮೈಯನ್ನು ಕಾರಿನಡಿಗೆ ತೂರಿಸಬಾರದು.

ನಟ್ಟುಗಳನ್ನು ಬಿಚ್ಚಿ ಧೂಳಿನ ಮೇಲಿಡದೆ ಒಂದು ಬಟ್ಟೆಯ ಮೇಲೋ ವೀಲ್ ಕಪ್ಪಿನೊಳಗೋ ಹಾಕಿಡಿ. ಎಲ್ಲ ನಟ್ಟು ಬಿಚ್ಚಿದರೂ ಚಕ್ರ ಹೊರಗೆ ಬಾರದಿರುವುದುಂಟು. ತುಕ್ಕು ಹಿಡಿದು ರಿಮ್ಮು ಹಬ್ಬಿಗೆ (ಚಕ್ರ ಕೂರುವ ನಡುಭಾಗಕ್ಕೆ) ಅಂಟಿಕೊಂಡಿರುತ್ತದೆ. ಎತ್ತಿದ ಕಾರನ್ನು ಒದ್ದು ಅಲುಗಿಸುವ ಬದಲು, ನಟ್ಟುಗಳನ್ನು ಎರಡು ಸುತ್ತು ಮಾತ್ರ ಮತ್ತೆ ಹಾಕಿ, ಕಾರನ್ನು ನೆಲಕ್ಕೆ ಇಳಿಸಿ, ಸ್ವಲ್ಪ ಹಿಂದೆ ಮುಂದೆ ತೂಗಿದರೆ ಕಾರಿನ ಭಾರಕ್ಕೇ ಚಕ್ರ ಬಿಟ್ಟುಕೊಳ್ಳುತ್ತದೆ. ಬಿಚ್ಚಿದ ಚಕ್ರವನ್ನು ಬಾಗಿಲಿನ ಕೆಳಗೆ ಹಾಕಿ, ಅಲ್ಲಿದ್ದ ಸ್ಟೆಪ್ನಿಯನ್ನು ಎಳೆದುಕೊಂಡು ಹಬ್ಬಿಗೆ ಕೂರಿಸಬೇಕು. ನಟ್ಟಿನ ಚೂಪಾದ, ಶಂಕುವಿನಂತಿರುವ ಭಾಗ ರಿಮ್ಮಿನ ಕಡೆಗಿರಬೇಕು. ಎಲ್ಲ ನಟ್ಟುಗಳನ್ನೂ ಮೊದಲು ಕೈಯಿಂದಲೇ ಹತ್ತಿಸಿ, ಆಮೇಲೆ ಪಾನಾದಿಂದ ಹಗುರವಾಗಿ, ಒಂದಾದ ಮೇಲೆ ಪಕ್ಕದ್ದನ್ನಲ್ಲದೆ ಎದುರಿನದ್ದನ್ನು ಬಿಗಿಯುತ್ತಾ ಬನ್ನಿ. ಸಾಲಾಗಿ ಬಿಗಿದರೆ ಚಕ್ರ ಓರೆಯಾಗಿ ಕೂರುತ್ತದೆ. ಬೋಲ್ಟಿನ ಸುತ್ತಿಗೆ ಎಣ್ಣೆ, ಗ್ರೀಸು ಹಚ್ಚುವುದು ಬೇಡ.

ಕಾರನ್ನು ಇಳಿಸಿದ ಮೇಲೆ ಕೊನೆಯ ಬಿಗಿ. ಸಣ್ಣ ಕಾರುಗಳಲ್ಲಿ ಇದು ಸುಮಾರು 100 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿದ್ದು, ನಿಖರವಾದ ಅಂಕಿ ಕಾರಿನ ಕೈಪಿಡಿಯಲ್ಲಿರುತ್ತದೆ. 40 ಸೆಂಟಿಮೀಟರು ಉದ್ದದ ಪಾನಾದ ತುದಿಯಲ್ಲಿ 25 ಕಿಲೋ ಭಾರ ಒತ್ತಿದರೆ ಇಷ್ಟು ಬಿಗಿ ಬರುತ್ತದೆ. ಅಂದರೆ ಪಾನಾದ ಮೇಲೆ ನಿಂತು ಕುಣಿಯುವುದು ಅನಗತ್ಯ ಮಾತ್ರವಲ್ಲ, ಬೋಲ್ಟನ್ನು ಹಿಗ್ಗಿಸಿ ಕೆಡಿಸುವ ಕೆಲಸ. 50ರಿಂದ 100 ಕಿ.ಮೀ. ಓಡಿದ ಮೇಲೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿ ನೋಡಬೇಕು. ಸ್ಟೆಪ್ನಿ ಉಳಿದ ಚಕ್ರಗಳಿಗಿಂತ ಕಿರಿದಾಗಿದ್ದು ಅದರ ಮೇಲೆ 80 ಎಂದು ಬರೆದಿದ್ದರೆ, ಆ ವೇಗವನ್ನು ಮೀರದೆ, ಮೊದಲು ಸಿಕ್ಕ ಅಂಗಡಿಯಲ್ಲಿ ಮೂಲ ಚಕ್ರವನ್ನು ಸರಿಪಡಿಸಿಕೊಂಡು ಹಾಕಿಕೊಳ್ಳಬೇಕು.

ಇದನ್ನೆಲ್ಲ ಓದಿ ತಿಳಿಯುವುದಕ್ಕಿಂತ ಒಂದು ಭಾನುವಾರ ಮನೆಯ ಮುಂದೆಯೇ ಒಮ್ಮೆ ಮಾಡಿ ನೋಡುವುದು ಉತ್ತಮ. ಜಾಕ್ ಎಲ್ಲಿದೆ, ಅದರ ಹಿಡಿ ಇದೆಯೇ, ನಟ್ಟು ಜಗ್ಗುತ್ತದೆಯೇ ಎಂಬುದು ಆಗ ಗೊತ್ತಾಗುತ್ತದೆ. ಮನೆಯಲ್ಲಿ ಕಾರು ಓಡಿಸುವ ಹೆಣ್ಣುಮಕ್ಕಳು, ಕಾಲೇಜು ಹುಡುಗರು ಎಲ್ಲರೂ ಆ ದಿನ ಕೈ ಹಾಕಲಿ. ಟೈರಿನ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಇಲ್ಲದೆಯೂ ಕಾರು ಮಾರಬಹುದೆಂದು 2020ರಲ್ಲಿ ನಿಯಮ ತಿದ್ದುಪಡಿಯಾಗಿದೆ. ಅಂಥ ಕಾರು ನಿಮ್ಮದಾಗಿದ್ದರೆ ಮುಂದಿನ ಭಾಗವನ್ನು ಇನ್ನೂ ಗಮನವಿಟ್ಟು ಓದಬೇಕು.

ಪಂಕ್ಚರ್ ತಿದ್ದುವುದು

ಇಂದಿನ ಕಾರುಗಳಿಗೆ ಬರುವುದೆಲ್ಲ ಬಹುತೇಕ ಟ್ಯೂಬ್‌ಲೆಸ್ ಟೈರು. ಮೊಳೆ ಚುಚ್ಚಿದರೂ ಅದು ಒಳಗೇ ಇದ್ದಷ್ಟು ಹೊತ್ತು ಗಾಳಿ ನಿಧಾನವಾಗಿ ಹೋಗುತ್ತದೆ. ಆದ್ದರಿಂದ ಮೊಳೆ ಕಂಡ ಕೂಡಲೇ ಇಕ್ಕಳ ಹಾಕಿ ಕೀಳಬೇಡಿ. ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಗಾಳಿ ತುಂಬಿಸಿ, ಅಂಗಡಿಗೆ ಹೋಗಿ. ಜಾಲಿ ಮುಳ್ಳಿನ ತೊಂದರೆ ಬೇರೆ ಬಗೆಯದು. ಅದರ ಬುಡ ಮುರಿದು ತುದಿ ರಬ್ಬರಿನೊಳಗೆ ಹುದುಗಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ, ನಾಲ್ಕು ದಿನಕ್ಕೊಮ್ಮೆ ಐದಾರು ಪಿಎಸ್‌ಐ ಇಳಿಯುತ್ತಿರುತ್ತದೆ. ಸೋಪಿನ ನೀರನ್ನು ಟೈರಿನ ಮೇಲೆಲ್ಲ ಸವರಿ ಕಾಯಬೇಕು. ಸಣ್ಣ ಗುಳ್ಳೆಗಳು ಒಂದರ ಮೇಲೊಂದು ಏಳುವ ಜಾಗವೇ ತೂತು. ಅಲ್ಲೂ ಸಿಗದಿದ್ದರೆ ವಾಲ್ವಿನ ಬಾಯಿಗೆ ಒಂದು ಹನಿ ಹಾಕಿ ನೋಡಿ. ವಾಲ್ವಿನ ಪಿನ್ ಸಡಿಲವಾಗಿರುವುದು ಅಪರೂಪವಲ್ಲ. ಅದೂ ಸರಿಯಿದ್ದರೆ ರಿಮ್ಮಿನ ಅಂಚನ್ನು ಪರೀಕ್ಷಿಸಬೇಕು. ಗುಂಡಿಗೆ ಬಿದ್ದು ಡೊಂಕಾದ ರಿಮ್ಮು ಅಲ್ಲಿಂದ ಗಾಳಿ ಬಿಡುತ್ತದೆ.

ತೂತಿಗೆ ಸ್ಟ್ರಿಪ್ (ಅಂಟಂಟಾದ ರಬ್ಬರಿನ ಪಟ್ಟಿ) ಹಾಕುವ ವಿಧಾನವನ್ನು ಎಲ್ಲರೂ ನೋಡಿರುತ್ತೀರಿ. ಮೊಳೆ ಯಾವ ಓರೆಯಲ್ಲಿ ಹೋಗಿದೆಯೋ ಅದೇ ಓರೆಯಲ್ಲಿ ಅರದಂತಹ ಮೈಯುಳ್ಳ ಚುಚ್ಚುಗೋಲನ್ನು ತಿರುವುತ್ತಾ ಒಳಗೆ ತಳ್ಳಿ, ನಾಲ್ಕೈದು ಸಲ ಎಳೆದಾಡಿ ತೂತಿನ ಗೋಡೆಯನ್ನು ಒರಟು ಮಾಡಬೇಕು. ಸೂಜಿಯ ಕಣ್ಣಿಗೆ ಸ್ಟ್ರಿಪ್ಪನ್ನು ಸರಿ ಮಧ್ಯಕ್ಕೆ ಪೋಣಿಸಿ, ರಬ್ಬರ್ ಸಲ್ಯೂಷನ್ ಸವರಿ, ಎರಡೂ ತುದಿಗಳು ಅರ್ಧ ಇಂಚು ಹೊರಗೆ ಉಳಿಯುವಂತೆ ಒತ್ತಿ, ಸೂಜಿಯನ್ನು ತಿರುವದೆ ನೇರವಾಗಿ ಝಗ್ಗನೆ ಎಳೆದುಕೊಳ್ಳಬೇಕು. ಸ್ಟ್ರಿಪ್ ಒಳಗೆ ಉಳಿಯುತ್ತದೆ. ಹೊರಗಿನ ಬಾಲವನ್ನು ಕತ್ತರಿಸಿ, ಗಾಳಿ ತುಂಬಿ, ಸೋಪಿನ ನೀರು ಹಾಕಿ ನೋಡಿದರೆ ಮುಗಿಯಿತು. ಕಿಟ್ ಇದ್ದರೆ ಚಕ್ರ ಬಿಚ್ಚದೆಯೇ ಇದನ್ನು ನೀವೇ ಮಾಡಬಹುದು. ತಳ್ಳುವುದಕ್ಕೆ ಎಣಿಸಿದ್ದಕ್ಕಿಂತ ಹೆಚ್ಚು ಬಲ ಬೇಕಾಗುತ್ತದೆ, ಕೈಗವಸು ಇರಲಿ.

ಸ್ಟ್ರಿಪ್ಪು ತಾತ್ಕಾಲಿಕ ಎಂದೇ ತಿಳಿಯುವುದು ಕ್ಷೇಮ. ಟೈರನ್ನು ರಿಮ್ಮಿನಿಂದ ಬಿಚ್ಚಿ ಒಳಗಿನಿಂದ ಹಾಕುವ ಅಣಬೆ ಆಕಾರದ ಪ್ಯಾಚು ಹೆಚ್ಚು ಬಾಳುತ್ತದೆ, ಮತ್ತು ಬಿಚ್ಚಿದಾಗ ಮಾತ್ರ ಒಳಗೋಡೆಗೆ ಪೆಟ್ಟಾಗಿದೆಯೇ ಎಂಬುದು ಕಾಣುತ್ತದೆ. ಒಳಗೆ ಕಪ್ಪು ರಬ್ಬರಿನ ಪುಡಿ ಉದುರಿದ್ದರೆ ಅದು ಗಾಳಿಯಿಲ್ಲದೆ ಓಡಿದ ಟೈರು. ತೂತು ಎಷ್ಟೇ ಸಣ್ಣದಿರಲಿ, ಅದನ್ನು ಮತ್ತೆ ಬಳಸಬಾರದು. ನೆಲಕ್ಕೆ ತಾಗುವ ಗ್ರಿಪ್ಪಿನ ಭಾಗದಲ್ಲಿ, 6 ಮಿಲಿಮೀಟರಿಗಿಂತ ಚಿಕ್ಕದಾದ ತೂತನ್ನು ಮಾತ್ರ ತಿದ್ದಬಹುದು. ಭುಜದ ಭಾಗ, ಪಕ್ಕದ ಗೋಡೆ, ಅಲ್ಲೆದ್ದ ಉಬ್ಬು ಇವಕ್ಕೆ ಯಾವ ಔಷಧವೂ ಇಲ್ಲ. "ಒಳಗಡೆ ಪ್ಯಾಚ್ ಹಾಕ್ಕೊಡ್ತೀನಿ, ಏನಾಗಲ್ಲ ಬಿಡಣ್ಣ" ಎಂದು ಯಾರೇ ಹೇಳಿದರೂ ಒಪ್ಪಬಾರದು.

ಸವೆತ ಹೇಳುವ ಕಥೆ, ಅದಲು ಬದಲು

ಟೈರಿನ ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ. ನಡು ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಚಕ್ರಗಳ ನೇರ, ಅಂದರೆ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ತಗ್ಗು ಬಿದ್ದಂತಿದ್ದರೆ ಶಾಕ್ ಅಬ್ಸಾರ್ಬರನ್ನೋ ಬ್ಯಾಲೆನ್ಸಿಂಗನ್ನೋ ನೋಡಿಸಬೇಕು. ಸುಮಾರು 10,000 ಕಿಲೋಮೀಟರಿಗೊಮ್ಮೆ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿ, ಅದೇ ಸಮಯದಲ್ಲಿ ಚಕ್ರಗಳನ್ನು ಅದಲು ಬದಲು ಮಾಡಿಸಿಕೊಳ್ಳಿ. ಎಂಜಿನ್ನು ಮುಂದಿನ ಚಕ್ರಗಳನ್ನು ತಿರುಗಿಸುವ ಕಾರುಗಳಲ್ಲಿ ಮುಂದಿನವು ನೇರವಾಗಿ ಹಿಂದಕ್ಕೆ, ಹಿಂದಿನವು ಅಡ್ಡಲಾಗಿ ಮುಂದಕ್ಕೆ ಬರಬೇಕು. ಪಕ್ಕದಲ್ಲಿ ಬಾಣದ ಗುರುತಿರುವ ಟೈರುಗಳನ್ನು ಅದೇ ಬದಿಯಲ್ಲಿ ಮಾತ್ರ ಹಿಂದೆ ಮುಂದೆ ಮಾಡಬಹುದು.

ಎರಡೇ ಹೊಸ ಟೈರು ಕೊಂಡರೆ ಎಲ್ಲಿ ಹಾಕಿಸಬೇಕು? ಹೆಚ್ಚಿನ ಅಂಗಡಿಯವರು ಮುಂದಕ್ಕೇ ಹಾಕುತ್ತಾರೆ, ಕೊಂಡವರಿಗೂ ಅದೇ ಸರಿ ಎನ್ನಿಸುತ್ತದೆ. ಆದರೆ ಟೈರು ತಯಾರಕರ ಸಲಹೆ ಹಿಂದಕ್ಕೆ ಹಾಕಿ ಎಂಬುದು. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಹಿಡಿತ ತಪ್ಪಿದರೆ ಕಾರು ತಿರುಗದೆ ನೇರ ಹೋಗುತ್ತದೆ, ವೇಗ ಇಳಿಸಿದರೆ ಹಿಡಿತ ಮರಳುತ್ತದೆ. ಹಿಂದಿನದು ತಪ್ಪಿದರೆ ಕಾರು ಬುಗುರಿಯಂತೆ ತಿರುಗಿಬಿಡುತ್ತದೆ, ಸಾಮಾನ್ಯ ಚಾಲಕನಿಗೆ ಅದನ್ನು ಸಂಭಾಳಿಸಲಾಗುವುದಿಲ್ಲ.

ಬಾನೆಟ್ಟಿನಡಿ

ಎಂಜಿನ್ ಆಯಿಲನ್ನು ಸಮತಟ್ಟಾದ ಜಾಗದಲ್ಲಿ, ಎಂಜಿನ್ ನಿಲ್ಲಿಸಿ ಐದರಿಂದ ಹತ್ತು ನಿಮಿಷ ಬಿಟ್ಟು, ಕಡ್ಡಿಯನ್ನು ಒಮ್ಮೆ ಒರೆಸಿ ಮತ್ತೆ ಅದ್ದಿ ನೋಡಬೇಕು. ಎರಡು ಗುರುತುಗಳ ನಡುವೆ ಇದ್ದರೆ ಸಾಕು, ತುಂಬಿ ತುಳುಕಬಾರದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು.

ಎಂಜಿನ್ನನ್ನು ತಣ್ಣಗಿಡುವ ದ್ರವವಾದ ಕೂಲಂಟಿನ ವಿಷಯದಲ್ಲಿ ನಮ್ಮ ಸೀಮೆಯವರು ಹೆಚ್ಚು ಎಚ್ಚರವಾಗಿರಬೇಕು. ಇಲ್ಲಿನ ಬೋರ್‌ವೆಲ್ ನೀರಿನ ಗಡಸುತನ ಮನೆಯ ಗೀಸರು, ಸೋಲಾರಿನ ಪೈಪುಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಅದೇ ಬಿಳಿ ಪದರ ಕೂದಲೆಳೆಯಷ್ಟು ಸಣ್ಣ ದಾರಿಗಳಲ್ಲೂ ಕಟ್ಟಿಕೊಳ್ಳುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿದ ಕೂಲಂಟನ್ನೇ, ಡಬ್ಬಿಯ ಕನಿಷ್ಠ-ಗರಿಷ್ಠ ಗೆರೆಗಳ ನಡುವೆ ಇರುವಂತೆ ಹಾಕಬೇಕು. ಎಂಜಿನ್ ಬಿಸಿಯಿದ್ದಾಗ ರೇಡಿಯೇಟರಿನ ಮುಚ್ಚಳ ತಿರುಗಿಸಿದರೆ ಕುದಿಯುವ ನೀರು ಮುಖಕ್ಕೆ ಹಾರುತ್ತದೆ, ತಣಿಯುವವರೆಗೆ ಕಾಯಲೇಬೇಕು. ಏರ್ ಫಿಲ್ಟರನ್ನು ಕೈಪಿಡಿ ಹೇಳಿದ್ದಕ್ಕಿಂತ ಬೇಗ ತೆರೆದು ನೋಡಿ; ಗಣಿ ಲಾರಿಗಳು ಓಡುವ ದಾರಿಯಲ್ಲಿ, ಮಣ್ಣಿನ ರಸ್ತೆಯಲ್ಲಿ ದಿನವೂ ಓಡಾಡುವ ಕಾರಿನದು ಅರ್ಧ ಅವಧಿಗೇ ಕಟ್ಟಿಕೊಂಡಿರುತ್ತದೆ. ಗಾಳಿಯನ್ನು ಒಳಮೈಯಿಂದ ಹೊರಕ್ಕೆ ಊದಬೇಕು, ನೀರಿನಲ್ಲಿ ತೊಳೆಯಬಾರದು.

ಬ್ಯಾಟರಿಯ ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಮೊದಲು ಮೈನಸ್, ಆಮೇಲೆ ಪ್ಲಸ್ ವೈರು ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ಹಳೆಯ ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ, ಪ್ಲಸ್ಸನ್ನು ಮೊದಲು ಮೈನಸ್ಸನ್ನು ಕೊನೆಗೆ ಹಾಕಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಬೇಕು. ಬೇಸಿಗೆಯ ಬಿಸಿ ಬ್ಯಾಟರಿಯ ಆಯುಸ್ಸನ್ನು ಕಡಿಮೆ ಮಾಡುತ್ತದೆ. ಮೂರು ವರ್ಷ ದಾಟಿದ್ದನ್ನು ಒಮ್ಮೆ ಪರೀಕ್ಷೆ ಮಾಡಿಸಿಕೊಂಡರೆ ಬೆಳಿಗ್ಗೆ ಹೊರಡುವ ಹೊತ್ತಿಗೆ ಕೈಕೊಡುವುದು ತಪ್ಪುತ್ತದೆ.

ಕೊನೆಯದಾಗಿ ಸುಗ್ಗಿಯ ಕಾಲದ ಒಂದು ಎಚ್ಚರಿಕೆ. ಹಳ್ಳಿಯ ದಾರಿಗಳಲ್ಲಿ ಹುರುಳಿ, ರಾಗಿ, ತೊಗರಿಯನ್ನು ರಸ್ತೆಯ ಮೇಲೆ ಹರಡಿ, ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸಿಕೊಳ್ಳುವುದು ನಿಂತಿಲ್ಲ. ಹುರುಳಿಯ ಬಳ್ಳಿ ಹಗ್ಗದಂತೆ ಹೊಸೆದುಕೊಂಡು ಆಕ್ಸಲಿಗೆ ಸುತ್ತಿ, ಬಿಸಿಯಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲಿ ದಾರಿಯಿದ್ದರೆ ಸುತ್ತಿಕೊಂಡು ಹೋಗಿ, ಇಲ್ಲವೇ ಒಂದು ಬದಿ ಸರಿಸಿಕೊಡಲು ಕಣದವರನ್ನು ಕೇಳಿ. ದಾಟಲೇಬೇಕಾಗಿ ಬಂದರೆ ಅದರ ಮೇಲೆ ನಿಲ್ಲಿಸದೆ ದಾಟಿ, ಹೊಟ್ಟು ಹುಲ್ಲು ಇಲ್ಲದ ಬರಿ ನೆಲದಲ್ಲಿ ನಿಲ್ಲಿಸಿ, ಬಗ್ಗಿ ಕಾರಿನಡಿ ನೋಡಬೇಕು. ಸಿಕ್ಕಿಕೊಂಡದ್ದನ್ನು ಎಂಜಿನ್ ಆರಿಸಿ, ಬರಿಗೈ ಹಾಕದೆ ಕೋಲಿನಿಂದ ಎಳೆದು ತೆಗೆದ ಮೇಲೆಯೇ ಮುಂದಕ್ಕೆ ಹೋಗಬೇಕು. ಸುಟ್ಟ ವಾಸನೆಯೋ ಹೊಗೆಯೋ ಕಂಡರೆ ಸಾಮಾನಿಗೆ ಕೈ ಹಾಕದೆ, ಬಾನೆಟ್ಟನ್ನೂ ಎತ್ತದೆ, ಎಲ್ಲರನ್ನೂ ಇಳಿಸಿಕೊಂಡು ದೂರ ಹೋಗಿ 112ಕ್ಕೆ ಕರೆ ಮಾಡಿ.